ಹಳೇ ಜೀಪಿಗೆ ಯಾವ ರಿಪೇರಿ, ಯಾವ ಅಪ್‌ಗ್ರೇಡ್? ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯವರಿಗೆ ಒಂದು ಹೋಲಿಕೆ

ಹಳೇ ಫೋರ್ ಬೈ ಫೋರ್ ಇಟ್ಟುಕೊಂಡವರಿಗೆ ಸಲಹೆ ಕೊಡುವವರಿಗೆ ಬರವಿಲ್ಲ. ದೊಡ್ಡ ಟೈರ್ ಹಾಕ್ಸು, ಮುಂದೆ ಕಬ್ಬಿಣದ ಬಂಪರ್ ಹಾಕ್ಸು, ಮೇಲೊಂದು ಲೈಟ್ ಬಾರ್ ಹಾಕ್ಸು. ಆ ಗಾಡಿ ದಿನಾ ಯಾವ ಮಣ್ಣಿನಲ್ಲಿ ಓಡುತ್ತದೆ ಅಂತ ಮಾತ್ರ ಯಾರೂ ಕೇಳುವುದಿಲ್ಲ.

ನಮ್ಮ ಕಡೆ ಅದೇ ಮೊದಲು ಕೇಳಬೇಕಾದ ಪ್ರಶ್ನೆ. ಸಂಡೂರು, ತೋರಣಗಲ್ಲು ಕಡೆ ಓಡುವ ಗಾಡಿಯನ್ನು ಒಳಗಿಂದ ಸವೆಸುವುದು ಅದಿರಿನ ಕೆಂಪು ಧೂಳು. ಸಿರುಗುಪ್ಪ, ಸಿಂಧನೂರು, ಮಾನ್ವಿ, ಕಾರಟಗಿ ಕಡೆಯ ಗಾಡಿಗೆ ಎರೆ ಮಣ್ಣು ಮತ್ತು ಕಾಲುವೆ ನೀರಿನ ಕಾಟ. ಕುಷ್ಟಗಿ, ಯಲಬುರ್ಗಾ, ಲಿಂಗಸುಗೂರು ಕಡೆ ಮಸಾರಿ ಹೊಲದ ದಾರಿ, ಕಲ್ಲು. ಇಷ್ಟರ ಮೇಲೆ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲು ಎಲ್ಲರಿಗೂ ಇದ್ದೇ ಇದೆ. ಒಂದೇ ಮಾಡೆಲ್ಲಿನ, ಒಂದೇ ವರ್ಷದ ಮೂರು ಗಾಡಿ ಈ ಮೂರು ಕಡೆ ಇದ್ದರೆ ಮೂರಕ್ಕೂ ಬೇರೆ ಬೇರೆ ಕೆಲಸ ಬೇಕು.

ನಾನಿಲ್ಲಿ ಹೇಳುವುದು ಎಂಎಂ 540, ಮೇಜರ್, ಕಮಾಂಡರ್ ಥರದ ಮಹೀಂದ್ರಾ ಜೀಪುಗಳು, 2010ರಲ್ಲಿ ಬಂದ ಮೊದಲ ಥಾರ್, ಮಾರುತಿ ಜಿಪ್ಸಿ, ಫೋರ್ ಬೈ ಫೋರ್ ಇರುವ ಹಳೇ ಬೊಲೆರೊ ಮತ್ತು ಸ್ಕಾರ್ಪಿಯೊಗಳ ಬಗ್ಗೆ. ಹೊಸ ಗಾಡಿಯವರು ವಾರಂಟಿ ಮುಗಿದ ಮೇಲೆ ಓದಿದರೆ ಸಾಕು.

ಮೊದಲ ದುಡ್ಡು ಏರ್ ಫಿಲ್ಟರಿಗೆ

ಯಾರಿಗೂ ತೋರಿಸಿ ಮೆರೆಯಲು ಬರದ ಖರ್ಚು ಇದು. ಅದಕ್ಕೇ ಯಾರೂ ಮಾಡಿಸುವುದಿಲ್ಲ.

ಡೀಸೆಲ್ ಎಂಜಿನ್ ಹಾಳಾಗುವುದು ಓಡಿದ ಕಿಲೋಮೀಟರಿನಿಂದ ಅನ್ನುತ್ತಾರೆ. ನಮ್ಮ ಕಡೆ ಅದಕ್ಕಿಂತ ಜಾಸ್ತಿ ಹಾಳಾಗುವುದು ನುಂಗಿದ ಧೂಳಿನಿಂದ. ಮಣ್ಣಿನ ಧೂಳಿನಲ್ಲಿ ಸಣ್ಣ ಮರಳಿನ ಕಣ ಇರುತ್ತದೆ. ಅದು ಪಿಸ್ಟನ್ನಿನ ರಿಂಗು, ಸಿಲಿಂಡರಿನ ಲೈನರ್ ಮಧ್ಯೆ ಸೇರಿ ಉಜ್ಜುತ್ತದೆ. ಕಂಪ್ರೆಷನ್ ಇಳಿಯುತ್ತದೆ, ಆಯಿಲ್ ಕುಡಿಯಲು ಶುರುವಾಗುತ್ತದೆ. ಟರ್ಬೊ ಇರುವ ಗಾಡಿಯಲ್ಲಿ ಟರ್ಬೊ ಫ್ಯಾನಿನ ಅಂಚೂ ಸವೆಯುತ್ತದೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಎಂಜಿನ್ ಆಫ್ ಮಾಡಿ, ಫಿಲ್ಟರ್ ಡಬ್ಬಿಯಿಂದ ಎಂಜಿನ್ ಕಡೆ ಹೋಗುವ ರಬ್ಬರ್ ಹೋಸ್ ಬಿಚ್ಚಿ. ಬೆರಳಿಗೆ ಬಿಳಿ ಬಟ್ಟೆ ಸುತ್ತಿ ಹೋಸಿನ ಒಳಗೋಡೆ ಒರೆಸಿ. ಇಲ್ಲಿಗೆ ಬರುವುದು ಸೋಸಿದ ಗಾಳಿ ಮಾತ್ರ, ಹಾಗಾಗಿ ಧೂಳು ಇರಲೇಬಾರದು. ಬಟ್ಟೆಗೆ ಸ್ವಲ್ಪ ಕಪ್ಪು ಎಣ್ಣೆ ಹತ್ತಿದರೆ ಹೆದರಬೇಡಿ. ಎಂಜಿನ್ನಿನ ಬ್ರೀದರ್ ಪೈಪು ಅಲ್ಲಿಗೇ ಸೇರುವ ಗಾಡಿಗಳಲ್ಲಿ ಅದು ಮಾಮೂಲಿ. ಬಟ್ಟೆ ಕೆಂಪಾಗಿ, ಎರಡು ಬೆರಳ ಮಧ್ಯೆ ಉಜ್ಜಿದಾಗ ಮರಳು ಮರಳಾಗಿ ಸಿಕ್ಕರೆ ಮಾತ್ರ ತೊಂದರೆ. ಎಷ್ಟೋ ಸಲ ಫಿಲ್ಟರ್ ಹೊಸದೇ ಇರುತ್ತದೆ. ಹೋಸಿನ ಮಡಿಕೆಯಲ್ಲಿ ಬಿರುಕು ಬಿಟ್ಟಿರುತ್ತದೆ, ಕ್ಲಿಪ್ ಸಡಿಲವಾಗಿರುತ್ತದೆ, ಡಬ್ಬಿಯ ಮುಚ್ಚಳ ಸೊಟ್ಟಗಾಗಿ ಗ್ಯಾಸ್ಕೆಟ್ ಕೂತಿರುವುದಿಲ್ಲ. ಗಾಳಿಗೆ ಫಿಲ್ಟರ್ ಸುತ್ತಿ ಬರುವ ದಾರಿ ಇದ್ದರೆ ಅದು ಆ ದಾರಿಯಲ್ಲೇ ಬರುತ್ತದೆ.

ಈಗ ಆಯ್ಕೆಗಳು. ಹಳೇ ಜೀಪುಗಳಲ್ಲಿ ಆಯಿಲ್ ಬಾತ್ ಫಿಲ್ಟರ್ ಇರುತ್ತದೆ, ಕೆಳಗಿನ ಬಟ್ಟಲಿನಲ್ಲಿ ಎಂಜಿನ್ ಆಯಿಲ್. ಇದನ್ನು ಡೀಸೆಲ್ಲಿನಲ್ಲಿ ತೊಳೆದು, ಹೊಸ ಆಯಿಲ್ ಹಾಕಿ ಮತ್ತೆ ಮತ್ತೆ ಬಳಸಬಹುದು. ಮನೆಯಲ್ಲಿ ಮಾಡುವವರಿಗೆ ಇದರಷ್ಟು ಸುಲಭದ್ದು ಇನ್ನೊಂದಿಲ್ಲ. ಆದರೆ ಪೇಪರ್ ಫಿಲ್ಟರ್ ಹಿಡಿಯುವಷ್ಟು ಸಣ್ಣ ಧೂಳನ್ನು ಇದು ಹಿಡಿಯುವುದಿಲ್ಲ, ಅದರಲ್ಲೂ ಎಂಜಿನ್ ನಿಧಾನವಾಗಿ ತಿರುಗುವಾಗ. ಸಂಡೂರಿನ ಅದಿರು ಲಾರಿಗಳ ಹಿಂದೆ ಓಡುವ ಗಾಡಿಗೆ ನನ್ನ ಮತ ಪೇಪರ್ ಫಿಲ್ಟರಿಗೇ. ಹೊಲ ಮನೆ ಅಂತ ಓಡಾಡುವ ಜೀಪಿಗೆ ಆಯಿಲ್ ಬಾತ್ ಸಾಕು, ಬಟ್ಟಲಿನ ತಳದಲ್ಲಿ ಕೆಸರು ಕೂರುವ ಮುಂಚೆ ತೊಳೆದರೆ.

ಪೇಪರ್ ಫಿಲ್ಟರಿಗೆ ಪಂಚರ್ ಅಂಗಡಿಯ ಗಾಳಿ ಹೊಡೆಸುವುದು ನಮ್ಮಲ್ಲಿ ಎಲ್ಲರ ಅಭ್ಯಾಸ. ಹತ್ತಿರದಿಂದ ಜೋರಾಗಿ ಹೊಡೆದರೆ ಕಾಗದದಲ್ಲಿ ಕಣ್ಣಿಗೆ ಕಾಣದ ತೂತು ಬೀಳುತ್ತದೆ. ಹೊಡೆಯಲೇಬೇಕಾದ್ರೆ ಒಳಗಿಂದ ಹೊರಗೆ, ದೂರದಿಂದ, ಮೆಲ್ಲಗೆ. ಆಮೇಲೆ ಒಳಗೊಂದು ಬಲ್ಬ್ ಹಿಡಿದು ನೋಡಿ. ಬೆಳಕು ಚುಕ್ಕಿಯಾಗಿ ತೂರಿ ಬಂದರೆ ಎಸೆಯಿರಿ. ತೊಳೆದು ಬಳಸುವ ಹತ್ತಿಯ ಸ್ಪೋರ್ಟ್ಸ್ ಫಿಲ್ಟರಿಗೆ ದುಡ್ಡು ಹಾಕಬೇಡಿ. ಗಾಳಿ ಸಲೀಸಾಗಿ ಬರಲಿ ಅಂತ ಮಾಡಿದ ವಸ್ತು ಅದು. ಗಾಳಿಯ ಜೊತೆ ಧೂಳೂ ಸಲೀಸಾಗಿ ಬರುತ್ತದೆ. ಸ್ನಾರ್ಕೆಲ್ ಹಾಕಿಸಿದರೆ ನೀರು ದಾಟಲು ಮಾತ್ರ ಅಲ್ಲ, ಧೂಳಿಗೂ ಲಾಭ ಇದೆ, ಚಕ್ರದ ಮಟ್ಟದ ಗಾಳಿಗಿಂತ ಮೇಲಿನ ಗಾಳಿ ಸ್ವಚ್ಛ. ಆದರೆ ಜೋಡಣೆ ಒಂದು ಕಡೆ ಸೋರಿದರೂ ಎಲ್ಲ ವ್ಯರ್ಥ.

ಒಂದು ಪಕ್ಕದ ಮಾತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತಲ್ಲ, ಅದಕ್ಕೂ ಮುಂಚೆ ಗಣಿಗಳಲ್ಲಿ ದುಡಿದ ಜೀಪು, ಕ್ಯಾಂಪರ್‌ಗಳು ಈಗಲೂ ಕೈ ಬದಲಾಗುತ್ತಾ ಓಡಾಡುತ್ತಿವೆ. ಅಂಥ ಗಾಡಿ ನಿಮ್ಮ ಕೈಗೆ ಬಂದಿದ್ದರೆ ಮೀಟರ್ ತೋರಿಸುವ ಕಿಲೋಮೀಟರ್ ಪಕ್ಕಕ್ಕಿಡಿ, ಮೊದಲು ಈ ಹೋಸ್ ಬಿಚ್ಚಿ ನೋಡಿ.

ರೇಡಿಯೇಟರ್: ರಾಡಿಂಗ್, ಹೊಸ ಕೋರ್, ಅಥವಾ ಅಲ್ಯೂಮಿನಿಯಂ

ಬೇಸಿಗೆಯಲ್ಲಿ ಬಾನೆಟ್ ಎತ್ತಿ ರಸ್ತೆ ಬದಿ ನಿಂತ ಜೀಪು ನಮ್ಮಲ್ಲಿ ಹೊಸ ನೋಟವೇನಲ್ಲ. ಬೈಗುಳ ಬಿಸಿಲಿಗೆ ಬೀಳುತ್ತದೆ. ಅರ್ಧ ತಪ್ಪು ನೀರಿನದು.

ರಾಯಚೂರು, ಕೊಪ್ಪಳ ಕಡೆಯ ಬೋರ್‌ವೆಲ್ ನೀರು ಬಹಳ ಕಡೆ ಸವಳು. ಅದನ್ನೇ ರೇಡಿಯೇಟರಿಗೆ ಹೊಯ್ದರೆ ಬಿಸಿ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರವೇ ಟ್ಯೂಬುಗಳ ಒಳಗೂ ಕಟ್ಟುತ್ತದೆ. ಕೂಲೆಂಟನ್ನು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನ ಜೊತೆ ಅರ್ಧಕ್ಕರ್ಧ ಬೆರೆಸಿ ಹಾಕಿ. ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಚಳಿ ಇಲ್ಲ, ಕೂಲೆಂಟ್ ಯಾಕೆ ಅಂತ ಕೇಳುತ್ತಾರೆ. ಕೂಲೆಂಟ್ ತುಕ್ಕು ತಡೆಯುತ್ತದೆ, ಕುದಿಯುವ ಮಟ್ಟವನ್ನೂ ಮೇಲೆ ಏರಿಸುತ್ತದೆ. ನಮಗೆ ಬೇಕಿರುವುದು ಆ ಎರಡೇ.

ಗಾಡಿ ಈಗಾಗಲೇ ಬಿಸಿಯಾಗುತ್ತಿದ್ದರೆ ದೊಡ್ಡ ಕೆಲಸಕ್ಕೆ ಹೋಗುವ ಮುಂಚೆ ಎರಡು ಸಣ್ಣ ವಸ್ತು ನೋಡಿ. ಒಂದು, ರೇಡಿಯೇಟರ್ ಮುಚ್ಚಳ. ಅದರ ಸ್ಪ್ರಿಂಗೇ ಒಳಗೆ ಒತ್ತಡ ಹಿಡಿದಿಡುವುದು. ಒಂದು ಪಿಎಸ್ಐ ಒತ್ತಡ ಏರಿದರೆ ಕುದಿಯುವ ಮಟ್ಟ ಹೆಚ್ಚುಕಮ್ಮಿ ಒಂದೂವರೆ ಡಿಗ್ರಿ ಏರುತ್ತದೆ. ರಬ್ಬರ್ ಸತ್ತ ಮುಚ್ಚಳದಲ್ಲಿ ಆ ಲಾಭ ಪೂರ್ತಿ ಹೋಗುತ್ತದೆ. ಇನ್ನೊಂದು, ಫ್ಯಾನಿನ ಸುತ್ತ ಇರುವ ಕೌಲ್. ಹಳೇ ಜೀಪುಗಳಲ್ಲಿ ಯಾರೋ ಯಾವಾಗಲೋ ಬಿಚ್ಚಿ ಮೂಲೆಗೆ ಎಸೆದಿರುತ್ತಾರೆ. ಅದಿಲ್ಲದಿದ್ದರೆ ಫ್ಯಾನ್ ರೇಡಿಯೇಟರಿನಿಂದ ಎಳೆಯುವ ಬದಲು ಅಕ್ಕಪಕ್ಕದ ಬಿಸಿ ಗಾಳಿಯನ್ನೇ ತಿರುವುತ್ತಿರುತ್ತದೆ. ತಗಡಿನಲ್ಲಿ ಒಂದು ಕೌಲ್ ಮಾಡಿಸುವುದು ಯಾವ ಫ್ಯಾಬ್ರಿಕೇಶನ್ ಅಂಗಡಿಯಲ್ಲೂ ಆಗುವ ಕೆಲಸ.

ಇಷ್ಟಾದರೂ ಬಿಸಿಯಾದರೆ ರಾಡಿಂಗ್. ತಾಮ್ರ-ಹಿತ್ತಾಳೆಯ ಹಳೇ ರೇಡಿಯೇಟರಿನ ಮೇಲಿನ ಟ್ಯಾಂಕ್ ಬಿಚ್ಚಿ, ಟ್ಯೂಬಿನೊಳಗೆ ಸಲಾಕೆ ಆಡಿಸಿ, ಮತ್ತೆ ಬೆಸುಗೆ ಹಾಕುತ್ತಾರೆ. ಟ್ಯೂಬುಗಳು ಗಟ್ಟಿ ಇದ್ದರೆ ಇದೇ ಸಾಕು. ಆಗಲೇ ಎರಡು ಮೂರು ಕಡೆ ಬೆಸುಗೆಯ ಗುಡ್ಡೆ ಇದ್ದರೆ, ಫಿನ್ನುಗಳು ಬೆರಳು ಮುಟ್ಟಿದರೆ ಉದುರುತ್ತಿದ್ದರೆ, ರಾಡಿಂಗಿಗೆ ಕೊಟ್ಟ ದುಡ್ಡು ದಂಡ. ಹೊಸ ಕೋರ್ ಕೂರಿಸಿ. ಅಲ್ಯೂಮಿನಿಯಂ ರೇಡಿಯೇಟರ್ ಹಗುರ, ಶಾಖವನ್ನೂ ಚೆನ್ನಾಗಿ ಬಿಡುತ್ತದೆ. ಆದರೆ ಪ್ಲಾಸ್ಟಿಕ್ ಟ್ಯಾಂಕ್ ಇರುವಂಥದ್ದು ಒಡೆದರೆ ಕುಷ್ಟಗಿಯಲ್ಲೋ ದೇವದುರ್ಗದಲ್ಲೋ ಬೆಸುಗೆ ಹಾಕಿ ಮನೆ ಮುಟ್ಟಿಸಲು ಆಗುವುದಿಲ್ಲ. ಊರಿಂದ ದೂರ ಓಡಾಡುವ ಹಳೇ ಜೀಪಿಗೆ ತಾಮ್ರದ್ದೇ ಇರಲಿ ಅನ್ನುವವನು ನಾನು. ಮೊದಲೇ ಅಲ್ಯೂಮಿನಿಯಂ ಬಂದಿರುವ ಥಾರ್, ಸ್ಕಾರ್ಪಿಯೊದಲ್ಲಿ ಹಾಗೇ ಇರಲಿ, ತಾಮ್ರಕ್ಕೆ ಬದಲಿಸುವ ಸಾಹಸ ಬೇಡ.

ಥರ್ಮೋಸ್ಟಾಟ್ ವಿಷಯ. "ನಮ್ ಬಳ್ಳಾರಿ ಬಿಸಿಲಿಗೆ ಅದೆಲ್ಲ ಯಾಕ್ ಸರ್, ಕಿತ್ತಾಕ್ಬಿಡಾಣ" ಅನ್ನುವ ಮೇಸ್ತ್ರಿ ಎಲ್ಲ ಶೆಡ್ಡಲ್ಲೂ ಸಿಗುತ್ತಾನೆ. ಕೇಳಲು ಸರಿ ಅನಿಸುತ್ತದೆ. ಆದರೆ ಥರ್ಮೋಸ್ಟಾಟ್ ಇಲ್ಲದ ಎಂಜಿನ್ ಬೇಗ ಹದಕ್ಕೆ ಬರುವುದಿಲ್ಲ, ಡೀಸೆಲ್ ಜಾಸ್ತಿ ಕುಡಿಯುತ್ತದೆ, ಸವೆತವೂ ಜಾಸ್ತಿ. ಕೆಲವು ಎಂಜಿನ್ನಿನಲ್ಲಿ ಅದನ್ನು ತೆಗೆದರೆ ನೀರು ರೇಡಿಯೇಟರಿಗೆ ಪೂರ್ತಿ ಹೋಗದೆ ಬೈಪಾಸಿನಲ್ಲೇ ಸುತ್ತಿ, ಇನ್ನೂ ಬಿಸಿಯಾಗುತ್ತದೆ. ಕೆಟ್ಟಿದ್ದರೆ ಹೊಸದು ಹಾಕಿ. ಕೆಟ್ಟಿದೆಯೋ ಇಲ್ಲವೋ ನೋಡಲು ಒಂದು ಪಾತ್ರೆ ನೀರಿನಲ್ಲಿ ಹಾಕಿ ಒಲೆ ಮೇಲಿಡಿ. ಕುದಿಯುವ ಹೊತ್ತಿಗೆ ಬಾಯಿ ತೆರೆದಿರಬೇಕು.

ಹೆಡ್‌ಲೈಟ್: ರಿಲೇ, ದೊಡ್ಡ ಬಲ್ಬ್, ಎಲ್ಇಡಿ

ಮನೆಯಲ್ಲೇ ಮಾಡುವ ಅಪ್‌ಗ್ರೇಡುಗಳಲ್ಲಿ ಕಡಿಮೆ ದುಡ್ಡಿಗೆ ಹೆಚ್ಚು ಫಲ ಕೊಡುವುದು ಇದು. ಹಳೇ ಗಾಡಿಯ ಹೆಡ್‌ಲೈಟ್ ಮಂಕಾಗಿದೆ ಅಂದ ಕೂಡಲೇ ಜನ 90/100 ವ್ಯಾಟ್ ಬಲ್ಬ್ ತಂದು ಹಾಕುತ್ತಾರೆ. ಎರಡು ದಿನ ಚೆನ್ನಾಗಿರುತ್ತದೆ. ಆಮೇಲೆ ಸ್ವಿಚ್ ಬಿಸಿಯಾಗುತ್ತದೆ, ಹೋಲ್ಡರ್ ಕರಗುತ್ತದೆ.

ಮೊದಲು ಮಲ್ಟಿಮೀಟರ್ ತಗೊಳ್ಳಿ. ಎಂಜಿನ್ ಸ್ಟಾರ್ಟ್ ಮಾಡಿ, ಹೆಡ್‌ಲೈಟ್ ಹಾಕಿ, ಬ್ಯಾಟರಿಯ ಎರಡು ತುದಿಗೆ ಮೀಟರ್ ಇಟ್ಟು ನೋಡಿ. ಚಾರ್ಜಿಂಗ್ ಸರಿ ಇದ್ದರೆ 13.8ರಿಂದ 14.4 ವೋಲ್ಟ್ ಹತ್ತಿರ ಇರುತ್ತದೆ. ಈಗ ಹೆಡ್‌ಲೈಟಿನ ಹಿಂದೆ, ಬಲ್ಬ್ ಉರಿಯುತ್ತಿರುವಾಗಲೇ, ಹೋಲ್ಡರಿನ ಪಿನ್ನಿಗೆ ಮೀಟರ್ ಇಡಿ. ಹಳೇ ವೈರಿಂಗಿನಲ್ಲಿ ಇಲ್ಲಿ ಒಂದೆರಡು ವೋಲ್ಟ್ ಕಡಿಮೆ ತೋರಿಸುವುದು ಮಾಮೂಲಿ. ಆ ಕರೆಂಟು ಡ್ಯಾಶ್‌ಬೋರ್ಡಿನ ಸ್ವಿಚ್ಚು, ಡಿಪ್ಪರ್, ಇಪ್ಪತ್ತು ವರ್ಷದ ಹಳೇ ವೈರು, ತುಕ್ಕು ಹಿಡಿದ ಅರ್ಥ್ ಎಲ್ಲ ದಾಟಿ ಬರಬೇಕು. ಹ್ಯಾಲೊಜೆನ್ ಬಲ್ಬಿಗೆ ವೋಲ್ಟೇಜ್ ಶೇ. 10 ಕಡಿಮೆಯಾದರೆ ಬೆಳಕು ಶೇ. 30ರಷ್ಟು ಇಳಿಯುತ್ತದೆ. ಅಂದರೆ ನಿಮ್ಮ ಬಲ್ಬ್ ಚೆನ್ನಾಗೇ ಇದೆ, ಅದಕ್ಕೆ ಊಟ ಸಿಗುತ್ತಿಲ್ಲ.

ರಿಲೇ ಹಾಕಿದರೆ ಬ್ಯಾಟರಿಯಿಂದ ದಪ್ಪ ವೈರ್ ನೇರವಾಗಿ ಬಲ್ಬಿಗೆ ಹೋಗುತ್ತದೆ. ಹಳೇ ಸ್ವಿಚ್ಚು ರಿಲೇಯನ್ನು ಆನ್ ಮಾಡುವುದಕ್ಕೆ ಮಾತ್ರ. 60/55 ವ್ಯಾಟಿನ ಎರಡು ಎಚ್4 ಬಲ್ಬ್ ಸೇರಿ ಸುಮಾರು 10 ಆಂಪಿಯರ್ ಎಳೆಯುತ್ತವೆ. ಹೈ ಬೀಮಿಗೊಂದು, ಲೋ ಬೀಮಿಗೊಂದು ರಿಲೇ, 2.5 ಚದರ ಮಿಲಿಮೀಟರಿನ ವೈರು, ಬ್ಯಾಟರಿಯ ಹತ್ತಿರವೇ ಫ್ಯೂಸು, ಪ್ರತಿ ಲೈಟಿಗೂ ಬಾಡಿಯ ಬಣ್ಣ ಕೆರೆದು ಹೊಸ ಅರ್ಥ್. ಸಿದ್ಧ ಕಿಟ್ಟೂ ಸಿಗುತ್ತದೆ. ಒಂದು ಭಾನುವಾರದ ಕೆಲಸ.

ಎಲ್ಇಡಿ? ಹ್ಯಾಲೊಜೆನ್ನಿಗೆ ಮಾಡಿದ ರಿಫ್ಲೆಕ್ಟರಿನೊಳಗೆ ಎಲ್ಇಡಿ ಬಲ್ಬ್ ಕೂರಿಸಿದರೆ ಬೆಳಕು ಬೀಳಬೇಕಾದ ಕಡೆ ಬೀಳದೆ ಚೆಲ್ಲಾಡುತ್ತದೆ. ನಿಮಗೆ ಹತ್ತಿರದ ರಸ್ತೆ ಬೆಳ್ಳಗೆ ಕಾಣುತ್ತದೆ, ಎದುರಿನವನಿಗೆ ಏನೂ ಕಾಣುವುದಿಲ್ಲ. ರಾತ್ರಿ ಹೊಸಪೇಟೆ–ಕೊಪ್ಪಳ ರಸ್ತೆಯಲ್ಲಿ ಎದುರು ಲಾರಿ ಸಾಲು ಬರುವಾಗ ಇದರ ಪರಿಣಾಮ ಎಲ್ಲರಿಗೂ ಗೊತ್ತು. 2024ರ ಜುಲೈನಲ್ಲಿ ಕಣ್ಣು ಕುಕ್ಕುವ ಲೈಟುಗಳ ಮೇಲೆ ರಾಜ್ಯದ ಪೊಲೀಸರು ಕಾರ್ಯಾಚರಣೆಯನ್ನೇ ಮಾಡಿದರು. ರಿಲೇ ಮತ್ತು ಒಳ್ಳೆ ಕಂಪನಿಯ 60/55 ಬಲ್ಬ್ ಸಾಕು.

ಪಾಟಾ (ಲೀಫ್ ಸ್ಪ್ರಿಂಗ್): ಬುಷ್ ಬದಲಿಸುವುದೋ, ಕ್ಯಾಂಬರ್ ಹೊಡೆಸುವುದೋ, ಹೊಸ ಸೆಟ್ಟೋ

ಗಾಡಿ ಒಂದು ಕಡೆ ವಾಲಿದೆ, ಅಥವಾ ಗುಂಡಿಗೆ ಬಿದ್ದಾಗ ಟಣ್ ಅನ್ನುತ್ತದೆ. ಸಮ ನೆಲದಲ್ಲಿ ನಿಲ್ಲಿಸಿ, ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ನಾಲ್ಕೂ ಕಡೆ ಟೇಪ್ ಹಿಡಿದು ಬರೆದಿಡಿ. ಎಡ ಬಲ ಹೆಚ್ಚುಕಮ್ಮಿ ಒಂದೇ ಇದ್ದು ಶಬ್ದ ಮಾತ್ರ ಬರುತ್ತಿದ್ದರೆ ಪಾಟಾ ಮುಟ್ಟಬೇಡಿ. ಬುಷ್ ಮತ್ತು ಶ್ಯಾಕಲ್ ಪಿನ್ ಹೋಗಿರುತ್ತವೆ. ಬುಷ್ಷಿನಲ್ಲಿ ರಬ್ಬರ್ ಮೆತ್ತಗೆ, ಆದರೆ ಬೇಗ ಸವೆಯುತ್ತದೆ. ಪಾಲಿಯುರೆಥೇನ್ ಬಾಳಿಕೆ ಬರುತ್ತದೆ, ಅಲುಗಾಟವನ್ನು ಮೈಗೆ ತಲುಪಿಸುತ್ತದೆ, ಗ್ರೀಸ್ ಒಣಗಿದರೆ ಕೀಚ್ ಕೀಚ್ ಅನ್ನುತ್ತದೆ. ಕಲ್ಲು ದಾರಿಯಲ್ಲಿ ಮನೆಮಂದಿಯನ್ನು ಕೂರಿಸಿಕೊಂಡು ಹೋಗುವವರು ರಬ್ಬರೇ ಹಾಕಿ.

ಅಳತೆ ಕಡಿಮೆ ಬಂದರೆ ಕ್ಯಾಂಬರ್ ಹೊಡೆಸುವುದು, ಅಂದರೆ ಕೂತ ಪಾಟಾವನ್ನು ಮತ್ತೆ ಬಾಗಿಸುವುದು, ಅಗ್ಗದ ದಾರಿ. ತಣ್ಣಗಿರುವಾಗಲೇ ಸುತ್ತಿಗೆಯಲ್ಲೋ ಪ್ರೆಸ್ಸಿನಲ್ಲೋ ಬಾಗಿಸುವವರ ಹತ್ತಿರ ಹೋಗಿ. ಗ್ಯಾಸ್ ಹಚ್ಚಿ ಕೆಂಪಗೆ ಕಾಯಿಸಿ ಬಾಗಿಸಿ, ಮತ್ತೆ ಹದ ಕೊಡದೆ ಬಿಟ್ಟರೆ ಉಕ್ಕಿನ ಗುಣವೇ ಹೋಗುತ್ತದೆ. ಕೆಲವೇ ತಿಂಗಳಿಗೆ ಮತ್ತೆ ಕೂರುತ್ತದೆ, ಇಲ್ಲ ಮುರಿಯುತ್ತದೆ. ಪಾಟಾ ಒಂದೆರಡು ಈಗಾಗಲೇ ಬಿರುಕು ಬಿಟ್ಟಿದ್ದರೆ ಹೊಸ ಸೆಟ್ ಹಾಕಿ, ಎರಡೂ ಬದಿಗೆ ಒಟ್ಟಿಗೆ.

ಇನ್ನೊಂದು ಪಾಟಾ ಸೇರಿಸುವ ಚಟ ನಮ್ಮಲ್ಲಿ ಬಹಳ. ಭತ್ತದ ಚೀಲ, ಗೊಬ್ಬರದ ಚೀಲ ಹೇರುವವರಿಗೆ ಅದು ಬೇಕು. ಹೇರದವರಿಗೆ ಅದು ಸೊಂಟ ನೋವು ಅಷ್ಟೇ. ಪಾಟಾ ಎತ್ತರಿಸಿ ಲಿಫ್ಟ್ ಮಾಡಿಸುವವರು ಪ್ರೊಪೆಲರ್ ಶಾಫ್ಟಿನ ಕೋನ ಬದಲಾಗಿ ಕ್ರಾಸ್ (ಶಾಫ್ಟಿನ ತುದಿಯ ಕೀಲು) ಬೇಗ ಹೋಗುವುದನ್ನೂ, ಬ್ರೇಕ್ ಹೋಸ್ ಎಳೆದು ಬಿಗಿಯಾಗುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಪಾಟಾ ಕೆಲಸ ಏನೇ ಆಗಲಿ, ಕೆಲವು ದಿನ ಓಡಿಸಿದ ಮೇಲೆ ಯು ಬೋಲ್ಟ್ ಮತ್ತೆ ಬಿಗಿ ಮಾಡಿ. ಇದನ್ನು ಶೆಡ್ಡಿನವರು ಹೇಳುವುದಿಲ್ಲ, ನೀವೇ ಪಾನಾ ಹಿಡಿಯಬೇಕು.

ಸ್ಟೀರಿಂಗ್ ಒಂದು ವೇಗದಲ್ಲಿ ಗಡಗಡ ಅಲ್ಲಾಡಿದರೆ, ಅಂದರೆ ವಾಬ್ಲಿಂಗ್ ಬಂದರೆ, ಸ್ಟೀರಿಂಗ್ ಡ್ಯಾಂಪರ್ ಮಾರಲು ಬರುತ್ತಾರೆ. ಡ್ಯಾಂಪರ್ ರೋಗವನ್ನು ಮುಚ್ಚಿಡುತ್ತದೆ. ಮುಂದಿನ ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಕಿಂಗ್‌ಪಿನ್ ಬೇರಿಂಗು ಅಥವಾ ಹಬ್ ಬೇರಿಂಗು. ಅಕ್ಕಪಕ್ಕ ಆಟ ಇದ್ದರೆ ಟೈರಾಡ್ ಎಂಡ್. ಅದನ್ನು ಸರಿ ಮಾಡಿಸಿ, ಚಕ್ರ ಬ್ಯಾಲೆನ್ಸ್ ಮಾಡಿಸಿ. ಡ್ಯಾಂಪರ್ ಆಮೇಲೆ ಬೇಕಾದ್ರೆ ನೋಡೋಣ.

ಎರೆ ಮಣ್ಣು, ಟೈರು, ಫೋರ್ ವೀಲ್

ಒಣಗಿದ ಎರೆಯಲ್ಲಿ ಯಾವ ಟೈರೂ ಓಡುತ್ತದೆ. ನೆಂದ ಎರೆಯಲ್ಲಿ ಯಾವ ಟೈರೂ ಓಡುವುದಿಲ್ಲ ಅಂದರೂ ತಪ್ಪಿಲ್ಲ. ಮಣ್ಣು ಟೈರಿಗೆ ಮೆತ್ತಿ, ಸಂದುಗಳನ್ನು ತುಂಬಿ, ಮಡ್‌ಗಾರ್ಡಿನವರೆಗೆ ಸುತ್ತಿಕೊಂಡು ಚಕ್ರವನ್ನೇ ಹಿಡಿದು ನಿಲ್ಲಿಸುತ್ತದೆ. ದೊಡ್ಡ ಬ್ಲಾಕಿನ ಎಂಟಿ (ಮಡ್ ಟೆರೇನ್) ಟೈರ್ ಸ್ವಲ್ಪ ಹೊತ್ತು ಜಾಸ್ತಿ ತಡೆಯುತ್ತದೆ, ಸಂದು ಅಗಲ ಇರುವುದರಿಂದ ತಿರುಗಿದಾಗ ಮಣ್ಣು ಉದುರಿಸುತ್ತದೆ. ಎಟಿ (ಆಲ್ ಟೆರೇನ್) ಟೈರ್ ಬೇಗ ತುಂಬಿಕೊಳ್ಳುತ್ತದೆ. ರಸ್ತೆಗೆ ಮಾಡಿದ ಎಚ್‌ಟಿ ಒಂದು ಸುತ್ತಿಗೇ ನುಣ್ಣಗಾಗುತ್ತದೆ.

ಆದರೆ ವರ್ಷದಲ್ಲಿ ಎಷ್ಟು ದಿನ ನೀವು ನೆಂದ ಎರೆಯಲ್ಲಿ ಇರುತ್ತೀರಿ? ಸಿಂಧನೂರು ಕಡೆ ಕಾಲುವೆ ದಂಡೆಯ ಮೇಲೆ ದಿನಾ ಹೋಗುವವರಿಗೆ ಎಂಟಿ ಸರಿ. ಉಳಿದವರಿಗೆ ಅದರ ಗುಂಯ್ ಶಬ್ದ, ಡಾಂಬರಿನ ಮೇಲೆ ಬೇಗ ಸವೆಯುವುದು, ಮಳೆಯಲ್ಲಿ ಬ್ರೇಕ್ ಸರಿಯಾಗಿ ಹಿಡಿಯದಿರುವುದು ಎಲ್ಲ ವರ್ಷಪೂರ್ತಿ ಅನುಭವಿಸುವ ಶಿಕ್ಷೆ. ಕೊಪ್ಪಳ, ಕುಷ್ಟಗಿಯ ಕಲ್ಲು ದಾರಿಗೆ ಎಟಿ ಚೆನ್ನ, ಬದಿಗೋಡೆ ಗಟ್ಟಿ ಇರುವುದನ್ನು ನೋಡಿ ಆರಿಸಿ. ಬಳ್ಳಾರಿ–ಹೊಸಪೇಟೆ ಅಂತ ಹೈವೇ ಮೇಲೇ ಇರುವವರಿಗೆ ಎಚ್‌ಟಿ ಸಾಕು, ಡೀಸೆಲ್ಲೂ ಉಳಿಯುತ್ತದೆ.

ಅಗಲದ ಟೈರ್ ಅಂದರೆ ಒಳ್ಳೆಯದು ಅನ್ನುವುದು ಅರ್ಧ ಸತ್ಯ. ಮರಳಿಗೆ ಅಗಲ ಒಳ್ಳೆಯದು. ಮೇಲೆ ತೆಳು ಕೆಸರು, ಕೆಳಗೆ ಗಟ್ಟಿ ನೆಲ ಇದ್ದರೆ ಕಿರಿದಾದ ಟೈರೇ ಕೆಸರನ್ನು ಸೀಳಿ ನೆಲ ಮುಟ್ಟುತ್ತದೆ. ಹಳೇ ಜೀಪುಗಳ 6.00-16 ಟೈರ್ ಸುಮ್ನೆ ಹಾಗೆ ಸಣ್ಣಗಿರಲಿಲ್ಲ.

ಅಳತೆ ಹೆಚ್ಚಿಸುವವರು ಒಂದು ಲೆಕ್ಕ ಹಾಕಿ. ಬೊಲೆರೊದ 215/75 ಆರ್ 15 ಟೈರಿನ ಎತ್ತರ ಸುಮಾರು 703 ಮಿಲಿಮೀಟರ್. 235/75 ಆರ್ 15 ಹಾಕಿದರೆ 733. ಗಾಡಿ ನೆಲದಿಂದ ಮೇಲೇಳುವುದು 15 ಮಿಲಿಮೀಟರ್ ಮಾತ್ರ. ಮೀಟರ್ 60 ತೋರಿಸಿದಾಗ ನೀವು ಹೋಗುತ್ತಿರುವುದು 62ಕ್ಕಿಂತ ಜಾಸ್ತಿ. ಮೊದಲೇ ಸುಸ್ತಾದ ಎಂಜಿನ್ನಿಗೆ ಎಳೆಯುವ ಭಾರವೂ ಜಾಸ್ತಿ. ಸೆಕೆಂಡ್ ಹ್ಯಾಂಡ್ ಟೈರ್ ಕೊಳ್ಳುವಾಗ ಬದಿಯಲ್ಲಿರುವ ನಾಲ್ಕಂಕಿ ನೋಡಿ. 2319 ಅಂದರೆ 2019ನೇ ವರ್ಷದ 23ನೇ ವಾರದ್ದು. ನಮ್ಮ ಬಿಸಿಲಿಗೆ ಬಟನ್ನು ಉಳಿದಿದ್ದರೂ ರಬ್ಬರ್ ಸತ್ತಿರುತ್ತದೆ. ರಿಸೋಲ್ ಮಾಡಿಸಿದ್ದನ್ನು, ಅಂದರೆ ಸವೆದ ಟೈರಿಗೆ ಹೊಸ ರಬ್ಬರ್ ಅಂಟಿಸಿದ್ದನ್ನು, ಮುಂದಿನ ಚಕ್ರಕ್ಕೆ ಹಾಕಲೇಬೇಡಿ.

ಇನ್ನು ಫೋರ್ ವೀಲ್. ಎಷ್ಟೋ ಹಳೇ ಜೀಪುಗಳಲ್ಲಿ ಮುಂದಿನ ಪ್ರೊಪೆಲರ್ ಶಾಫ್ಟನ್ನೇ ಬಿಚ್ಚಿಟ್ಟಿರುತ್ತಾರೆ. ಲಿವರ್ ಮಾತ್ರ ಒಳಗೆ ಶೋಕಿಗೆ. ಸರಿ ಮಾಡಿಸಬೇಕಾ, ಬಿಡಬೇಕಾ? ಎರೆ ಹೊಲ, ಕಾಲುವೆ ದಂಡೆ, ಸಂಡೂರು ಬೆಟ್ಟದ ದಾರಿ ನಿಮ್ಮ ದಿನದ ದಾರಿ ಆಗಿದ್ದರೆ ಸರಿ ಮಾಡಿಸಿ. ಎರಡು ಕ್ರಾಸ್, ಸೀಲು, ಗ್ರೀಸ್ ಅಷ್ಟರಲ್ಲೇ ಎಷ್ಟೋ ಗಾಡಿ ಎದ್ದು ನಿಲ್ಲುತ್ತವೆ. ಆಕ್ಸಲ್ಲಿನೊಳಗಿನ ಕ್ರೌನ್ ಪಿನಿಯನ್ ಗೇರು ಹೋಗಿದ್ದರೆ ಖರ್ಚು ಬೇರೆ ಮಟ್ಟದ್ದು, ಆಗ ಟೈರ್ ಚೆನ್ನಾಗಿರುವ ಟೂ ವೀಲ್ ಗಾಡಿಯಾಗಿಯೇ ಓಡಿಸುವುದು ಜಾಣತನ. ಸರಿ ಇರುವವರು ತಿಂಗಳಿಗೊಮ್ಮೆಯಾದರೂ ಮಣ್ಣಿನ ದಾರಿಯಲ್ಲಿ ಫೋರ್ ವೀಲ್ ಹಾಕಿ ಸ್ವಲ್ಪ ದೂರ ಓಡಿಸಿ, ಆಯಿಲ್ ಎಲ್ಲ ಕಡೆ ಮುಟ್ಟುತ್ತದೆ. ಒಣ ಡಾಂಬರಿನ ಮೇಲೆ ಬೇಡ. ಈ ಗಾಡಿಗಳಲ್ಲಿ ಮಧ್ಯದ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ, ಹಿಂದಿನ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಬೇಕು. ಜಾರಲು ಮಣ್ಣಿಲ್ಲದಿದ್ದರೆ ಆ ಬಿಗಿತವೆಲ್ಲ ಗೇರು, ಕ್ರಾಸುಗಳ ಮೇಲೆ ಬೀಳುತ್ತದೆ.

ಕಾಲುವೆ ನೀರಿನಲ್ಲಿ ಇಳಿದು ಬಂದ ಮೇಲೆ ಆಕ್ಸಲ್ಲಿನ ಪ್ಲಗ್ ಬಿಚ್ಚಿ ಒಂದು ಹನಿ ಆಯಿಲ್ ನೋಡಿ. ಹಾಲು ಜಾಸ್ತಿಯಾದ ಚಹಾದ ಬಣ್ಣ ಇದ್ದರೆ ನೀರು ಹೊಕ್ಕಿದೆ. ಬದಲಿಸಿ, ಬ್ರೀದರ್ ಕಟ್ಟಿಕೊಂಡಿದೆಯಾ ನೋಡಿ.

ಎಂಜಿನ್ ಬಿಚ್ಚುವ ಮುಂಚೆ

"ಬ್ಯಾಕ್ ಕಂಪ್ರೆಷನ್ ಐತೆ ಸರ್, ಎಂಜಿನ್ ಕೆಲ್ಸಕ್ಕೆ ಬಂದೈತೆ" ಅನ್ನುವ ಮಾತು ಕೇಳಿ ಕೂಡಲೇ ಅಡ್ವಾನ್ಸ್ ಕೊಡಬೇಡಿ. ಸಿಲಿಂಡರಿನ ಒತ್ತಡ ರಿಂಗು ದಾಟಿ ಕೆಳಗೆ ಸೋರುವುದೇ ಬ್ಯಾಕ್ ಕಂಪ್ರೆಷನ್. ಎಂಜಿನ್ ಬಿಸಿ ಆದ ಮೇಲೆ ಐಡಲ್‌ನಲ್ಲಿ ಆಯಿಲ್ ಮುಚ್ಚಳ ಸಡಿಲಿಸಿ ನೋಡಿ. ಸ್ವಲ್ಪ ಆವಿ ಬರುವುದು ಹಳೇ ಡೀಸೆಲ್ಲಿಗೆ ಸಹಜ. ಬುಸ್ ಬುಸ್ ಅಂತ ಒತ್ತಿ ಬಂದು ಮುಚ್ಚಳ ಕುಣಿದರೆ ಯೋಚಿಸಬೇಕು. ಆಗಲೂ ಕಂಪ್ರೆಷನ್ ಟೆಸ್ಟ್ ಮಾಡಿಸಿ, ನಾಲ್ಕೂ ಸಿಲಿಂಡರಿನ ಅಂಕಿ ಬರೆಸಿಕೊಳ್ಳಿ.

ಕಪ್ಪು ಹೊಗೆ ಬಂದರೆ ಗಾಳಿ ಕಡಿಮೆ, ಇಲ್ಲ ಡೀಸೆಲ್ ಜಾಸ್ತಿ. ಫಿಲ್ಟರ್, ನಾಝಲ್, ಪಂಪ್ ಕಡೆ ನೋಡಿ. ನೀಲಿ ಹೊಗೆ ಆಯಿಲ್ ಸುಡುತ್ತಿರುವುದು. ಬೆಳಗ್ಗೆ ಸ್ಟಾರ್ಟ್ ಮಾಡುವಾಗ ಮಾತ್ರ ಬಿಳಿ ಹೊಗೆ ಬಂದು ಒದ್ದಾಡಿದರೆ, ಎಂಎಂ 540ರ 2112 ಸಿಸಿ ಪ್ಯೂಜೊ ಎಂಜಿನ್ನಿನಲ್ಲಿ ಮೊದಲು ಹೀಟರ್ ಪ್ಲಗ್ ನೋಡಿ. ಅದು ಮನೆಯಲ್ಲೇ ಆಗುವ ಕೆಲಸ. 2523 ಸಿಸಿಯ ಡಿಐ (ಡೈರೆಕ್ಟ್ ಇಂಜೆಕ್ಷನ್) ಎಂಜಿನ್ನಿನಲ್ಲಿ ನಾಝಲ್ ಸರ್ವಿಸಿಗೇ ಎಷ್ಟೋ ಸಲ ಜೀವ ಬರುತ್ತದೆ. ನಾಝಲ್ ಬಿಚ್ಚಿ ಪಂಪ್ ಅಂಗಡಿಗೆ ನೀವೇ ಒಯ್ಯಬಹುದು, ಪಂಪನ್ನು ಮಾತ್ರ ಮನೆಯಲ್ಲಿ ಬಿಚ್ಚಬೇಡಿ. ಟೈಮಿಂಗ್ ತಪ್ಪಿದರೆ ಮತ್ತೆ ಕೂರಿಸುವುದು ತಲೆನೋವು.

ಹಾಫ್ ಎಂಜಿನ್, ಫುಲ್ ಎಂಜಿನ್ ಅನ್ನುವ ಮಾತಿಗೆ ಶೆಡ್ಡಿಗೊಂದು ಅರ್ಥ. ರಿಂಗು, ಬೇರಿಂಗು, ವಾಲ್ವು ಮಾತ್ರವೋ, ಲೈನರ್, ಪಿಸ್ಟನ್, ಕ್ರ್ಯಾಂಕ್ ಗ್ರೈಂಡಿಂಗ್ ಸೇರಿಯೋ, ಪಾರ್ಟ್ಸ್ ಯಾರು ತರುವುದು, ಎಲ್ಲ ಚೀಟಿಯಲ್ಲಿ ಬರೆಸಿ. ಲೈನರ್ ಸವೆದಿರುವಾಗ ರಿಂಗ್ ಮಾತ್ರ ಬದಲಿಸುವುದು ಕೂಲಿಯನ್ನು ಎರಡು ಸಲ ಕೊಡುವ ದಾರಿ. ಬೇರೆ ಎಂಜಿನ್ ಕೂರಿಸುವ ಆಸೆ ಇದ್ದರೆ ಮೊದಲು ಆರ್‌ಟಿಒ ಅನುಮತಿ, ಆಮೇಲೆ ಎಂಜಿನ್. ನಂಬರ್ ಆರ್‌ಸಿಯಲ್ಲಿ ಬದಲಾಗದಿದ್ದರೆ ಅಪಘಾತವಾದಾಗ ಇನ್ಶೂರೆನ್ಸ್‌ನವರ ಮುಂದೆ ನಿಮ್ಮ ಮಾತು ನಡೆಯುವುದಿಲ್ಲ.

ಪಾರ್ಟ್ಸ್ ಬಗ್ಗೆ ನನ್ನ ನಿಯಮ ಸುಲಭ. ಬ್ರೇಕು, ಸ್ಟೀರಿಂಗು, ಬೇರಿಂಗು, ಆಯಿಲ್ ಸೀಲು ಒರಿಜಿನಲ್ಲೇ. ಗುಜರಿಯಿಂದ ತರಬಹುದಾದದ್ದು ಬಾಗಿಲು, ಬಾನೆಟ್, ಆಕ್ಸಲ್ ಹೌಸಿಂಗ್, ಬ್ರಾಕೆಟ್‌ಗಳು. ಹಳೇ ಗಾಡಿಯ ದಪ್ಪ ತಗಡು ಈಗಿನ ಡೂಪ್ಲಿಕೇಟಿಗಿಂತ ಎಷ್ಟೋ ಮೇಲು.

ನೆಲದ ಕೆಲಸಕ್ಕೆ ಇಳಿಯುವವರಿಗೆ ಒಂದೇ ಎಚ್ಚರಿಕೆ: ಜಾಕಿ ಎತ್ತುವುದಕ್ಕೆ, ಹೊರುವುದಕ್ಕಲ್ಲ. ಸ್ಟ್ಯಾಂಡ್ ಇಡದೆ ಗಾಡಿ ಕೆಳಗೆ ತಲೆ ಹಾಕಬೇಡಿ. ಹಿತ್ತಲಿನ ಮಣ್ಣು ನೆಲವಾದರೆ ಸ್ಟ್ಯಾಂಡಿನ ಕೆಳಗೆ ದಪ್ಪ ಹಲಗೆ.

ಬಾಡಿ ಮತ್ತು ಕಾಗದ

ಮಂಗಳೂರಿನ ಕಡೆಯಂತೆ ನಮ್ಮಲ್ಲಿ ಇಡೀ ಗಾಡಿ ತುಕ್ಕು ಹಿಡಿಯುವುದಿಲ್ಲ. ತುಕ್ಕು ಬರುವುದು ಮಣ್ಣು ಕೂತ ಸಂದುಗಳಲ್ಲಿ, ಮ್ಯಾಟಿನ ಕೆಳಗೆ, ಮತ್ತು ಮುಖ್ಯವಾಗಿ ಹಿಂದೆ ಗೊಬ್ಬರದ ಚೀಲ ಹೇರುವ ಜಾಗದಲ್ಲಿ. ಚೆಲ್ಲಿದ ಯೂರಿಯಾ ತೇವ ಎಳೆದುಕೊಂಡು ತಗಡು ತಿನ್ನುತ್ತದೆ. ಹೇರಿದ ದಿನವೇ ತೊಳೆಯಿರಿ. ತೂತು ಬಿದ್ದ ಕಡೆ ಪುಟ್ಟಿ ಮೆತ್ತುವುದು ಬಣ್ಣದಡಿ ತುಕ್ಕು ಸಾಕುವುದು. ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ಬೆಸೆಸಿ. ವೆಲ್ಡಿಂಗಿಗೆ ಮುಂಚೆ ಬ್ಯಾಟರಿ, ಆಲ್ಟರ್ನೇಟರ್ ವೈರ್ ಬಿಚ್ಚಿಸಿ.

ಕಬ್ಬಿಣದ ಬಂಪರ್, ಬುಲ್ ಬಾರ್ ಬೇಡ. ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ಇವುಗಳ ಮೇಲೆ ಕ್ರಮ ತಗೊಳ್ಳಿ ಅಂತ ರಾಜ್ಯಗಳಿಗೆ ಬರೆದಿದೆ. ಗಾಡಿಯನ್ನು ಕಂಪನಿ ಮಾಡಿಕೊಟ್ಟ ರೂಪದಿಂದ ಬದಲಿಸುವ ಹಾಗಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಕೆಎ 34 ಇರಲಿ, 36 ಇರಲಿ, 37 ಇರಲಿ, 15 ವರ್ಷ ತುಂಬಿದ ಖಾಸಗಿ ಗಾಡಿ ಆರ್‌ಸಿ ನವೀಕರಣಕ್ಕೆ ಬ್ರೇಕ್ ಇನ್‌ಸ್ಪೆಕ್ಟರ್ ಮುಂದೆ ನಿಲ್ಲಲೇಬೇಕು. ನವೀಕರಣ ಸಿಗುವುದು 5 ವರ್ಷಕ್ಕೆ. 2022ರ ಏಪ್ರಿಲ್‌ನಿಂದ ಶುಲ್ಕ 5,000 ರೂಪಾಯಿ. 2025ರ ಆಗಸ್ಟ್‌ನಲ್ಲಿ ಬಂದ ನಿಯಮದಲ್ಲಿ 20 ವರ್ಷ ದಾಟಿದ ಲಘು ವಾಹನಕ್ಕೆ 10,000 ಆಗಿದೆ. ಹಸಿರು ತೆರಿಗೆ ಬೇರೆ. ಗಾಡಿ 19ನೇ ವರ್ಷದಲ್ಲಿದ್ದು ಎಂಜಿನ್ ಕೆಲಸಕ್ಕೋ ಬಣ್ಣಕ್ಕೋ ದುಡ್ಡು ಕೂಡಿಡುತ್ತಿದ್ದರೆ, ಈ ಮೊತ್ತವನ್ನು ಅದರಿಂದ ಈಗಲೇ ತೆಗೆದಿಡಿ.